ಎರಡು ಕಲ್ಯಾಣಗಳು: ಸಾಷ್ಟಿ ಮತ್ತು ಕೆನರಾದ ಕೆಲವು ಹಳ್ಳಿಯ ಇಗರ್ಜಿಗಳನ್ನು ಕುರಿತು

ಕ್ರಿ. ಶ. ಆರನೆಯ ಶತಮಾನದ ನಡುಭಾಗದಲ್ಲಿ ಅಲೆಕ್ಸಾಂಡ್ರಿಯದ ಒಬ್ಬ ವರ್ತಕನು, ವ್ಯಾಪಾರವನ್ನು ತೊರೆದು ಸನ್ಯಾಸಿಯಾದ ಮೇಲೆ, ಗ್ರೀಕ್ ಭಾಷೆಯಲ್ಲಿ ಒಂದು ಗ್ರಂಥವನ್ನು ರಚಿಸಿದನು. ಇಂಡಿಕೋಪ್ಲ್ಯೂಸ್ಟಿಸ್, ಎಂದರೆ ಹಿಂದೂದೇಶಕ್ಕೆ ಹಡಗಿನಲ್ಲಿ ಹೋಗಿಬಂದವನು, ಎಂಬ ಬಿರುದಿನಿಂದ ಅವನು ಇತಿಹಾಸದಲ್ಲಿ ಪರಿಚಿತನಾಗಿದ್ದಾನೆ, ಹೆಸರು ಕಾಸ್ಮಾಸ್. ಭೂಮಿಯು ಗೋಲಾಕಾರವಲ್ಲ, ಪೆಟ್ಟಿಗೆಯ ತಳದಂತೆ ಚಪ್ಪಟೆಯಾದುದು ಎಂದು ಸಾಧಿಸುವುದೇ ಆ ಗ್ರಂಥದ ಮುಖ್ಯ ಉದ್ದೇಶವಾಗಿತ್ತು. ಅದು ಸಾಧಿತವಾಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಪ್ರಾಸಂಗಿಕವಾಗಿ ಅವನು ಬರೆದಿಟ್ಟ ಒಂದೆರಡು ಮಾತುಗಳು ಮೂಲ ವಾದಕ್ಕಿಂತ ಹೆಚ್ಚು ಬೆಲೆಯುಳ್ಳವಾಗಿ ಉಳಿದಿವೆ. ಮೆಣಸು ಬೆಳೆಯುವ ಮಲೆ ಎಂಬ ನಾಡಿನಲ್ಲಿ ಕ್ರೈಸ್ತರಿರುವರೆಂದೂ, ಕಲ್ಲಿಯಾನ ಎಂಬ ಊರಿನಲ್ಲಿ ಪರ್ಶಿಯದಿಂದ ನಿಯುಕ್ತನಾಗಿ ಬಂದ ಬಿಷಪನೊಬ್ಬನಿರುವನೆಂದೂ ಅವನು ತಿಳಿಸಿದ್ದಾನೆ.

ಈ ಕಲ್ಲಿಯಾನ ಯಾವುದು? ಕನ್ನಡಿಗನಿಗೆ ಕಲ್ಯಾಣವೆಂದರೆ ಮೊದಲು ನೆನಪಾಗುವುದು ಚಾಲುಕ್ಯರ ರಾಜಧಾನಿ, ಬಸವಣ್ಣನವರ ಕಲ್ಯಾಣ. ಮುಂಬಯಿಗೆ ಹೊಸದಾಗಿ ಬಂದವನಿಗೆ ರೈಲಿನ ಫಲಕದ ಮೇಲಿನ ಕಲ್ಯಾಣವು ಮೊದಲ ದಿನ ಉಂಟುಮಾಡುವ ರೋಮಾಂಚವನ್ನು ಮತ್ತು ಎರಡನೆಯ ದಿನದ ಜನದಟ್ಟಣೆಯು ಆ ರೋಮಾಂಚವನ್ನು ಅಳಿಸಿಹಾಕುವ ಬಗೆಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಬಂದರಲ್ಲದ ಬಸವಕಲ್ಯಾಣವನ್ನು ಪ್ರಕೃತ ವಿಚಾರದಲ್ಲಿ ಬಿಡಬಹುದು. ಉಳಿಯುವುವು ಎರಡು: ಉಲ್ಹಾಸ ನದಿಯ ಮುಖದ ಠಾಣೆ ಜಿಲ್ಲೆಯ ಕಲ್ಯಾಣ, ಉಡುಪಿಯನ್ನು ದಾಟಿದೊಡನೆ ಸ್ವರ್ಣಾ ನದಿಯ ದಡದಲ್ಲಿರುವ ಕಲ್ಯಾಣಪುರ. ಇವೆರಡರಲ್ಲಿ ಯಾವುದು ಕಾಸ್ಮಾಸನ ಊರೆಂಬ ಚರ್ಚೆಯು ಹಳೆಯದು.

ಈ ಲೇಖಕನು ಮಹಾಪೆಯ ಒಂದು ಬ್ಯಾಂಕಿನ ಶಾಖೆಯಲ್ಲಿ ಅಧಿಕಾರಿ. ಇದೇ ಕೈಗಾರಿಕಾ ಪ್ರದೇಶದಲ್ಲಿ ಉದ್ಯೋಗದಲ್ಲಿರುವ ಮಿತ್ರರೊಬ್ಬರು ಕಲ್ಯಾಣಪುರದ ಕ್ಯಾಥೊಲಿಕರು. ಮನೆಯಲ್ಲಿ ಕೊಂಕಣಿ, ಬರೆಹದಲ್ಲಿ ಕನ್ನಡ. ಒಂದು ದಿನ ಊಟದ ವೇಳೆಯಲ್ಲಿ ಅವರು, "ಇಡೀ ಹಿಂದೂಸ್ಥಾನಕ್ಕೆ ಮೊದಲ ಬಿಷಪರು ಕೂತದ್ದು ನಮ್ಮೂರಲ್ಲಿ, ಗೊತ್ತುಂಟಾ ಮಾರಾಯರೆ?" ಎಂದರು. ನಾನು ಡೊಂಬಿವಲಿಯಲ್ಲಿ ವಾಸವಾಗಿರುವವನು. ಪಕ್ಕದ ನಿಲ್ದಾಣದ ಪಕ್ಷವನ್ನು ವಹಿಸಿದೆ. ಆ ವಾದವು ಮುಗಿಯದೆ ಹೋದುದರಿಂದ, ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳ ರಜೆಯಲ್ಲಿ ಈ ಸುತ್ತಿನ ಹಳೆಯ ಇಗರ್ಜಿಗಳನ್ನು ಕಣ್ಣಾರೆ ನೋಡಿಬರೋಣವೆಂದು ನಿಶ್ಚಯಿಸಿದೆವು. ಎರಡು ವರ್ಷಗಳ ಆ ಸಂಚಾರದಿಂದ ತಿಳಿದುಬಂದ ಕೆಲವು ವಿಷಯಗಳನ್ನು, ಮುಖ್ಯವಾಗಿ ಹಳ್ಳಿಯ ಇಗರ್ಜಿಯನ್ನು ಓದುವ ಕ್ರಮವನ್ನು, ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಕಾಸ್ಮಾಸನ ಮಾತನ್ನು ಮುಗಿಸಿಬಿಡುವುದು ಒಳ್ಳೆಯದು. ಅವನು ಇನ್ನೊಂದೆಡೆಯಲ್ಲಿ ನಮ್ಮ ಪಶ್ಚಿಮ ಕರಾವಳಿಯ ವ್ಯಾಪಾರಸ್ಥಳಗಳನ್ನು ಎಣಿಸುತ್ತಾನೆ. ಸಿಂಧೂ, ಒರ್ರೋಥ, ಕಲ್ಲಿಯಾನ, ಸಿಬೋರ್; ಆಮೇಲೆ ಮಲೆನಾಡಿನ ಐದು ಮೆಣಸಿನ ಪೇಟೆಗಳಾದ ಪಾರ್ತಿ, ಮಂಗರೂಥ್, ಸಾಲೋಪಟನ, ನಾಲೋಪಟನ, ಪೌಡೋಪಟನ. ಸಿಂಧೂ ನದಿಯಿಂದ ಆರಂಭವಾಗುವ ಈ ಪಟ್ಟಿಯು ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆಂಬುದು ಸ್ಪಷ್ಟ. ಒರ್ರೋಥವು ಸೌರಾಷ್ಟ್ರ, ಸಿಬೋರ್ ಎಂಬುದು ಅಲಿಬಾಗಿನ ದಕ್ಷಿಣದ ಚೌಲ, ಮಂಗರೂಥ್ ನಮ್ಮ ಮಂಗಳೂರು. ಕಲ್ಲಿಯಾನವು ಸೌರಾಷ್ಟ್ರಕ್ಕೂ ಚೌಲಕ್ಕೂ ನಡುವೆ ಬರುತ್ತದೆ. ಅದು ಉಡುಪಿಯ ಸಮೀಪದ್ದಾಗಿದ್ದಲ್ಲಿ ಮಂಗಳೂರಿನ ಜೊತೆಯಲ್ಲಿ, ಮೆಣಸಿನ ಪೇಟೆಗಳ ಸಾಲಿನಲ್ಲಿ ಬರಬೇಕಾಗಿತ್ತು. ಇದಲ್ಲದೆ ಕಲ್ಲಿಯಾನದಿಂದ ಹೊರಹೋಗುವ ಸರಕುಗಳೆಂದು ಅವನು ಹೇಳುವುದು ತಾಮ್ರ, ಮರ ಮತ್ತು ಬಟ್ಟೆಗಳನ್ನು, ಮೆಣಸನ್ನಲ್ಲ. ಕಾಸ್ಮಾಸನಿಗಿಂತ ಐದು ಶತಮಾನಗಳಷ್ಟು ಹಿಂದಿನ 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ಎಂಬ ನಾವಿಕರ ಕೈಪಿಡಿಯಲ್ಲಿಯೂ ಈ ಬಂದರಿನ ಹೆಸರು ಬರುತ್ತದೆ; ಕಾನ್ಹೇರಿಯ ಗುಹೆಗಳ ಶಾಸನಗಳಲ್ಲಿ ಕಲ್ಯಾಣದ ವರ್ತಕರು ದಾನಿಗಳಾಗಿ ಕಾಣಿಸಿಕೊಳ್ಳುತ್ತಾರೆ. ಭೂಮಿಯ ಆಕಾರದಲ್ಲಿ ಎಡವಿದ ಕಾಸ್ಮಾಸನು ಬಂದರುಗಳ ಅನುಕ್ರಮದಲ್ಲಿ ಎಡವಲು ಕಾರಣವಿಲ್ಲ. ಅದು ಅವನ ಹೊಟ್ಟೆಯ ಪಾಡಾಗಿತ್ತು. ನನ್ನ ನಿರ್ಣಯವು ಠಾಣೆಯ ಕಲ್ಯಾಣದ ಕಡೆಗೇ ಇದೆ.

ಮಿತ್ರರು ಒಪ್ಪಲಿಲ್ಲ. "ನಿಮ್ಮದು ಬ್ಯಾಂಕಿನವರ ಬುದ್ಧಿ. ಖಾತೆಯ ನಂಬರು ಹೊಂದಿದರೆ ಆಯಿತು, ಮನುಷ್ಯನ ಮುಖ ನೋಡುವುದಿಲ್ಲ" ಎಂದರು. ಅವರ ಅಸಮಾಧಾನಕ್ಕೆ ಕಾರಣವು ಬೇರೆ ಇತ್ತೆಂಬುದು ನನಗೆ ತಿಳಿದದ್ದು ತಡವಾಗಿ.

ಸ್ವಾರಸ್ಯದ ಸಂಗತಿಯೆಂದರೆ, ಆ ಬಿಷಪನ ಕಾಲದ ಯಾವ ಕಲ್ಲೂ ಕಲ್ಯಾಣದಲ್ಲಿ ನಮ್ಮ ಕಣ್ಣಿಗೆ ಬೀಳಲಿಲ್ಲ. ಪೋರ್ಚುಗೀಸರ ಕಾಲದ ಹಳ್ಳಿಯ ಇಗರ್ಜಿಗಳೂ ಕಲ್ಯಾಣದಲ್ಲಾಗಲಿ, ಡೊಂಬಿವಲಿಯಲ್ಲಾಗಲಿ, ಮಹಾಪೆ ಘಣಸೋಲಿಗಳ ಕಡೆಯಲ್ಲಾಗಲಿ ಕಾಣುವುದಿಲ್ಲ. ಐರೋಲಿಯ ಸೇತುವೆಯನ್ನು ದಾಟಿದರೆ ಹೆಜ್ಜೆಗೊಂದರಂತೆ ಕಾಣುತ್ತವೆ. ಇದಕ್ಕೆ ಕಾರಣವು ರಾಜಕೀಯವಾದದ್ದು. 1534ರ ಡಿಸೆಂಬರಿನಲ್ಲಿ ಗುಜರಾತದ ಸುಲ್ತಾನ ಬಹಾದ್ದೂರ ಶಹನು ವಸಯಿಯನ್ನೂ ಸಾಷ್ಟಿಯನ್ನೂ ಮುಂಬಯಿಯ ದ್ವೀಪಗಳನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟನು. ಖಾಡಿಯ ಪೂರ್ವದ ದಡವು ಆ ಕರಾರಿನಲ್ಲಿ ಸೇರಿರಲಿಲ್ಲ. ಕಲ್ಯಾಣವು ಅಹಮದನಗರದ ನಿಜಾಮಶಾಹಿಯಲ್ಲಿದ್ದು, 1636ರ ನಂತರ ಬಿಜಾಪುರದ ಆದಿಲಶಾಹಿಗೆ ಸೇರಿ, 1657ರಲ್ಲಿ ಶಿವಾಜಿಯ ವಶವಾಯಿತು. ಬೇಲಾಪುರದ ಕೋಟೆಯಂಥ ಒಂದೆರಡು ನೆಲೆಗಳನ್ನು ಬಿಟ್ಟರೆ ಈ ದಡದಲ್ಲಿ ಪೋರ್ಚುಗೀಸರು ಬೇರೂರಲಿಲ್ಲ. ಹೀಗೆ ಠಾಣೆಯ ಖಾಡಿಯು ಇನ್ನೂರು ವರ್ಷಗಳ ಕಾಲ ಗಡಿಯಾಗಿತ್ತು. ಇಂದು ವಾಶಿ, ನೆರೂಳ, ಐರೋಲಿಗಳಲ್ಲಿ ಇರುವ ಇಗರ್ಜಿಗಳು ನಮ್ಮಂತೆಯೇ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ವಲಸೆ ಬಂದವುಗಳು.

ಸಾಷ್ಟಿ ಎಂಬ ಹೆಸರಿನಲ್ಲಿಯೂ ಒಂದು ತೊಡಕಿದೆ. ಅರುವತ್ತಾರು ಹಳ್ಳಿಗಳೆಂಬ ಅರ್ಥದ 'ಷಟ್‌ಷಷ್ಟಿ'ಯಿಂದ ಬಂದ ಈ ಹೆಸರು ಗೋವೆಯ ಒಂದು ತಾಲೂಕಿಗೂ ಇದೆ. 1616ರಲ್ಲಿ ಮುದ್ರಿತವಾದ 'ಕ್ರಿಸ್ತಪುರಾಣ'ದ ಕರ್ತೃ ಥಾಮಸ್ ಸ್ಟೀಫನ್ಸನು ಸಾಷ್ಟಿಯಲ್ಲಿದ್ದನೆಂದು ಓದಿದಾಗ ಅದು ಗೋವೆಯ ಸಾಷ್ಟಿಯೆಂದು ತಿಳಿಯಬೇಕು. ಎರಡು ಕಲ್ಯಾಣ, ಎರಡು ಸಾಷ್ಟಿ: ಈ ವಿಷಯದಲ್ಲಿ ಹೆಸರನ್ನು ಮಾತ್ರ ನೆಚ್ಚಿದವನು ದಾರಿ ತಪ್ಪುವುದು ಖಂಡಿತ.

ನಾವು ಮೊದಲು ಹೋದದ್ದು ಠಾಣೆಗೆ, ಮಾಸುಂದಾ ಕೆರೆಯ ಬಳಿಯ ಸ್ನಾನಿಕ ಯೋಹಾನನ ಇಗರ್ಜಿಗೆ. ಅದು ಇಂದು ಹಳ್ಳಿಯ ಇಗರ್ಜಿಯಲ್ಲವಾದರೂ ಇಲ್ಲಿಂದಲೇ ಆರಂಭಿಸಬೇಕೆಂಬುದಕ್ಕೆ ಕಾರಣವುಂಟು. ಪೋರ್ಚುಗೀಸರು ಬರುವುದಕ್ಕೆ ಇನ್ನೂರು ವರ್ಷಗಳಿಗೂ ಹಿಂದೆ, 1321ರ ಏಪ್ರಿಲ್ ತಿಂಗಳಲ್ಲಿ, ಚೀನಕ್ಕೆ ಹೊರಟಿದ್ದ ನಾಲ್ವರು ಫ್ರಾನ್ಸಿಸ್ಕನ್ ಪಂಥದವರು ಈ ಊರಿನಲ್ಲಿ ಕೊಲ್ಲಲ್ಪಟ್ಟರು. ಅವರ ಒಡನಾಡಿ ಜೋರ್ಡಾನಸನು ಅಸ್ಥಿಗಳನ್ನು ಸೋಪಾರಾದಲ್ಲಿ ಹೂಳಿದನು. ಕೆಲವೇ ವರ್ಷಗಳಲ್ಲಿ ಬಂದ ಇಟಲಿಯ ಓಡೋರಿಕನು ಅವುಗಳನ್ನು ಹಡಗಿನಲ್ಲಿ ಚೀನಕ್ಕೆ ಕೊಂಡೊಯ್ದನು. ಆ ಪ್ರವಾಸಿಯ ಬರೆಹದಲ್ಲಿ ನಮಗೆ ಮುಖ್ಯವಾದ ಮಾತೆಂದರೆ, ಆಗ ಠಾಣೆಯಲ್ಲಿ ನೆಸ್ಟೋರಿಯನ್ ಪಂಥದ ಕ್ರೈಸ್ತರ ಹದಿನೈದು ಮನೆಗಳಿದ್ದುವೆಂಬುದು. ನೆಸ್ಟೋರಿಯನ್ನರೆಂದರೆ ಪರ್ಶಿಯದ ಸಭೆಗೆ ಸೇರಿದವರು. ಕಾಸ್ಮಾಸನ ಬಿಷಪನೂ ಅಲ್ಲಿಂದಲೇ ಬಂದವನು. ಉಲ್ಹಾಸ ನದಿಯ ಮೇಲೆ ಕಲ್ಯಾಣಕ್ಕೂ ಠಾಣೆಗೂ ಇರುವ ದೂರವು ಅರ್ಧ ದಿನದ ದೋಣಿಯ ಪಯಣವಷ್ಟೆ. ನಡುವಿನ ಏಳೆಂಟು ಶತಮಾನಗಳನ್ನು ಹಾರಿ ಇವೆರಡನ್ನು ಗಂಟುಹಾಕುವುದು ದುಡುಕಾದೀತು. ಆದರೂ ಠಾಣೆಯ ಪಕ್ಷಕ್ಕೆ ಇದು ಒಂದು ತೂಕದ ಸಾಕ್ಷಿಯೆಂದು ನನಗೆ ತೋರುತ್ತದೆ.

ಈ ಸಂಚಾರದಲ್ಲಿ ನಾವು ಕಲಿತ ಮೊದಲ ಪಾಠವು ನನ್ನದೇ ತಪ್ಪಿನಿಂದ ಬಂತು. ಸಾಷ್ಟಿಯ ಒಂದು ಇಗರ್ಜಿಯ ಮುಂಭಾಗದ ಮೇಲೆ ಕೆತ್ತಿದ್ದ ಇಸವಿಯನ್ನು ಕಟ್ಟಡದ ವಯಸ್ಸೆಂದು ತಿಳಿದು, ನಮ್ಮವರ ಒಂದು ಸಭೆಯಲ್ಲಿ ಧೈರ್ಯವಾಗಿ ಹೇಳಿಬಿಟ್ಟೆ. ಸಭಿಕರಲ್ಲಿ ಹಿರಿಯರೊಬ್ಬರು ಎದ್ದು, "ಅದು ಧರ್ಮಕೇಂದ್ರ ಆರಂಭವಾದ ಇಸವಿಯೋ, ಮೊದಲ ಕಟ್ಟಡದ್ದೋ, ಈಗಿನ ಗೋಡೆಯದೋ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹಳ್ಳಿಯ ಇಗರ್ಜಿಯಲ್ಲಿ ಈ ಮೂರು ಕಾಲಗಳು ಬಹುಮಟ್ಟಿಗೆ ಬೇರೆಬೇರೆಯಾಗಿರುತ್ತವೆ. ಮರದ ಮಾಡು ಮಳೆಗೆ ಕುಸಿಯುತ್ತದೆ. ಒಕ್ಕಲು ಹೆಚ್ಚಿದಂತೆ ಪಕ್ಕದ ಗೋಡೆಯನ್ನು ಕೆಡವಿ ಅಗಲಿಸುತ್ತಾರೆ. ಕೈಯಲ್ಲಿ ಹಣ ಕೂಡಿದಾಗ ಮುಂಭಾಗವನ್ನು ಹೊಸದಾಗಿ ಎತ್ತಿ, ಅದರ ಮೇಲೆ ಮೊದಲಿನ ಇಸವಿಯನ್ನೇ ಅಭಿಮಾನದಿಂದ ಬರೆಸುತ್ತಾರೆ. ಶಾಸನವು ಯಾವ ಕಲ್ಲಿನ ಮೇಲಿದೆಯೋ ಆ ಕಲ್ಲಿನ ಕಾಲವನ್ನು ಮಾತ್ರ ಹೇಳಬಲ್ಲುದು, ಅದೂ ಕೆಲವು ವೇಳೆ ಹೇಳುವುದಿಲ್ಲ.

ಇದಕ್ಕೆ ಉತ್ತಮವಾದ ನಿದರ್ಶನವು ಇಗರ್ಜಿಯಲ್ಲಿಲ್ಲ, ದೇವಾಲಯದಲ್ಲಿದೆ. ನಾಸಿಕದ ಗೋದಾವರೀ ತೀರದಲ್ಲಿ ನಾರೋಶಂಕರನು 1747ರಲ್ಲಿ ಕಟ್ಟಿಸಿದ ಶಿವಾಲಯದ ಗಂಟೆಯು ಆ ಪ್ರಾಂತದಲ್ಲೆಲ್ಲ ಪ್ರಸಿದ್ಧವಾದದ್ದು. ಗಂಟೆಯ ಮೇಲಿರುವ ಇಸವಿ 1721. ಗುಡಿಗಿಂತ ಗಂಟೆಯೇ ಇಪ್ಪತ್ತಾರು ವರ್ಷ ಹಿರಿದಾಗಲು ಕಾರಣವೆಂದರೆ, ಅದು ಇಗರ್ಜಿಯ ಗಂಟೆ. 1739ರ ಮೇ ತಿಂಗಳಲ್ಲಿ ಚಿಮಾಜಿ ಅಪ್ಪಾನು ವಸಯಿಯ ಕೋಟೆಯನ್ನು ಗೆದ್ದಾಗ ಅಲ್ಲಿಂದ ಕೊಂಡುಹೋದ ಗಂಟೆಗಳು ಭೀಮಾಶಂಕರ ಮೊದಲಾದ ಕ್ಷೇತ್ರಗಳಲ್ಲಿ ಇಂದಿಗೂ ತೂಗುತ್ತಿವೆ. ವಸಯಿಯ ಇಗರ್ಜಿಗಳ ಇತಿಹಾಸವನ್ನು ಬರೆಯಹೊರಟವನು ಸಹ್ಯಾದ್ರಿಯ ದೇವಾಲಯಗಳನ್ನು ಸುತ್ತಬೇಕಾಗುತ್ತದೆ. ಎದುರು ದಿಕ್ಕಿನ ಉದಾಹರಣೆಯು ಬೋರಿವಲಿಯ ಮಂಡಪೇಶ್ವರದಲ್ಲಿದೆ. ಅಲ್ಲಿ ಶೈವ ಗುಹಾಲಯವನ್ನೇ ಫ್ರಾನ್ಸಿಸ್ಕನ್ನರು ಹದಿನಾರನೆಯ ಶತಮಾನದಲ್ಲಿ ಇಗರ್ಜಿಯನ್ನಾಗಿ ಮಾಡಿ, ಗುಡ್ಡದ ಮೇಲೆ ಮಠವನ್ನು ಕಟ್ಟಿದರು. ಈಗ ಗುಹೆಯಲ್ಲಿ ಮತ್ತೆ ಶಿವನಿಗೆ ಪೂಜೆ ನಡೆಯುತ್ತದೆ, ಮೇಲಿನ ಮಠವು ಪಾಳುಬಿದ್ದಿದೆ. ಇವುಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಸಂಶೋಧಕನಿಗೆ ತಕ್ಕುದಲ್ಲ.

ನಾವು ನೋಡಿದವುಗಳಲ್ಲಿ ನನ್ನ ಮನಸ್ಸಿನಲ್ಲಿ ಆಳವಾಗಿ ನಿಂತದ್ದು ಮರೋಳದ ಹಳೆಯ ಇಗರ್ಜಿ. ಅಂಧೇರಿಯ ಪೂರ್ವಕ್ಕೆ, ಕೊಂಡಿವಿಟೆಯೆಂಬ ಹಳ್ಳಿಯಲ್ಲಿ, ಮಹಾಕಾಳಿ ಗುಹೆಗಳೆಂದು ಹೆಸರಾದ ಬೌದ್ಧವಿಹಾರಗಳಿಂದ ಅನತಿದೂರದಲ್ಲಿ ಜೆಸ್ಯುಯಿಟರು 1579ರಲ್ಲಿ ಇದನ್ನು ಕಟ್ಟಿದರು. 1840ರಲ್ಲಿ ಸಾಂಕ್ರಾಮಿಕ ರೋಗವು ಹಬ್ಬಿ, ಜನರು ಹಳ್ಳಿಯನ್ನು ಬಿಟ್ಟು ಮರೋಳಕ್ಕೆ ಸರಿದರು. ಹೋಗುವಾಗ ಬಲಿಪೀಠದ ಮೂರ್ತಿಗಳನ್ನೂ ಜ್ಞಾನಸ್ನಾನದ ಕಲ್ಲುತೊಟ್ಟಿಯನ್ನೂ ಹೊತ್ತುಕೊಂಡು ಹೋದರು, ಗೋಡೆಗಳು ಉಳಿದುವು. 1973ರಲ್ಲಿ ಆ ಭೂಮಿಯಲ್ಲಿ ರಫ್ತು ಕೈಗಾರಿಕೆಗಳ ವಲಯವಾದ ಸೀಪ್ಜ್ ಸ್ಥಾಪಿತವಾದಾಗ ಈ ಪಾಳು ಇಗರ್ಜಿಯು ಆವರಣದ ಒಳಗೆ ಸೇರಿಹೋಯಿತು. ಆಭರಣಗಳನ್ನೂ ಗಣಕಯಂತ್ರದ ಕೆಲಸವನ್ನೂ ಪರದೇಶಗಳಿಗೆ ಕಳುಹಿಸುವ ಕಟ್ಟಡಗಳ ನಡುವೆ, ಮಾಡಿಲ್ಲದ, ಬಳ್ಳಿಬೇರುಗಳಿಂದ ತುಂಬಿದ ಕಲ್ಲಿನ ಮುಂಭಾಗವೊಂದು ಆಕಾಶಕ್ಕೆ ಎದ್ದುನಿಂತಿದೆ. ಒಳಗೆ ಹೋಗಲು ಪರವಾನಗಿ ಬೇಕು. ಮರೋಳದ ಸಭೆಯವರು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಇಲ್ಲಿಗೆ ಬಂದು ಬಯಲಿನಲ್ಲಿ ಬಲಿಪೂಜೆಯನ್ನು ನಡೆಸುತ್ತಾರೆ.

ಅಲ್ಲಿ ನಿಂತಾಗ ನನಗೆ ಮಹಾಪೆಯ ನೆನಪಾದುದು ಸಹಜ. ಭತ್ತದ ಗದ್ದೆಗಳಿದ್ದ ಆಗರಿ ಜನರ ಹಳ್ಳಿಗಳ ಮೇಲೆಯೇ ನಮ್ಮ ಕೈಗಾರಿಕಾ ಪ್ರದೇಶವು 1960ರ ದಶಕದಿಂದ ಬೆಳೆದುನಿಂತಿದೆ. ನಮ್ಮ ಶಾಖೆಗೆ ಬರುವ ಮುದುಕರು ಕೆಲವರು ಕಾರ್ಖಾನೆಗಳ ಹೆಸರನ್ನು ಹೇಳದೆ, ಅಲ್ಲಿದ್ದ ಗದ್ದೆಯ ಹೆಸರಿನಿಂದಲೇ ದಾರಿಯನ್ನು ಹೇಳುತ್ತಾರೆ. ಅವರಿಗೆ ವರ್ಷಕ್ಕೊಮ್ಮೆ ಮರಳಿ ಬರಲು ಒಂದು ಗೋಡೆಯೂ ಉಳಿದಿಲ್ಲ. ಇರಲಿ.

ಭಾಯಂದರಿನಿಂದ ಬಸ್ಸಿನಲ್ಲಿ ಹೋಗಬೇಕಾದ ಉತ್ತನ್, ಡೋಂಗರಿಗಳು ಇನ್ನೂ ಹಳ್ಳಿಯ ರೂಪವನ್ನು ಕಳೆದುಕೊಂಡಿಲ್ಲ. ಬಿದಿರಿನ ಚೌಕಟ್ಟುಗಳ ಮೇಲೆ ಬೊಂಬಿಲ ಮೀನನ್ನು ಒಣಗಹಾಕಿದ ದಡದಲ್ಲಿ ಕೋಳಿ ಜನರ ಸಮುದ್ರಮಾತೆಯ ಇಗರ್ಜಿಯಿದೆ. ಇಲ್ಲಿ ಗಮನಿಸಬೇಕಾದದ್ದು ಬೀದಿಯ ಶಿಲುಬೆಗಳನ್ನು. ಸಾಷ್ಟಿಯ ಹಳ್ಳಿಗಳಲ್ಲಿ ಇಗರ್ಜಿಗಿಂತ ಹೆಚ್ಚಾಗಿ ಇವೇ ಊರಿನ ಎಲ್ಲೆಯನ್ನು ತೋರಿಸುತ್ತವೆ. ಇವುಗಳಲ್ಲಿ ಹಲವು 1896ರಲ್ಲಿ ಆರಂಭವಾದ ಪ್ಲೇಗಿನ ಕಾಲದವು; ನಮ್ಮಲ್ಲಿ ಊರಬಾಗಿಲಿಗೆ ಮಾರಿಯ ಕಲ್ಲನ್ನು ನಿಲ್ಲಿಸುವುದಕ್ಕೂ ಇದಕ್ಕೂ ಭಾವದಲ್ಲಿ ಅಂತರವು ಬಹಳವಿಲ್ಲ.

ವಸಯಿಯು 2014ರಿಂದ ಪಾಲಘರ ಜಿಲ್ಲೆಗೆ ಸೇರಿದೆ; ಆದರೆ ಸಾಷ್ಟಿಯ ಕಥೆಯನ್ನು ಅದಿಲ್ಲದೆ ಹೇಳಲಾಗದು. ಯಾತ್ರಿಕರು ಸಾಧಾರಣವಾಗಿ ಕೋಟೆಯ ಒಳಗಿನ ಹಾಳು ಇಗರ್ಜಿಗಳನ್ನು ನೋಡಿ ಹಿಂದಿರುಗುತ್ತಾರೆ. ಫ್ರಾನ್ಸಿಸ್ಕನ್ನರ ಇಗರ್ಜಿಯ ನೆಲವೆಲ್ಲ ಸಮಾಧಿಗಲ್ಲುಗಳು. 'ಸೆಪುಲ್ತುರಾ' ಎಂಬ ಮಾತಿನಿಂದ ಆರಂಭವಾಗಿ, ಸತ್ತವನ ಹೆಸರು ಪದವಿಗಳನ್ನು ಹೇಳಿ, 'ಅವನದು ಮತ್ತು ಅವನ ವಾರಸುದಾರರದು' ಎಂದು ಮುಗಿಯುವುದು ಇಂಥ ಕಲ್ಲುಗಳ ರೂಢಿ. ಅಕ್ಷರಗಳನ್ನು ಒಂದರ ಹೊಟ್ಟೆಯಲ್ಲೊಂದು ಸೇರಿಸಿ, ಶಬ್ದಗಳನ್ನು ಮೊಟಕುಮಾಡಿ ಕೊರೆದಿರುವುದರಿಂದ, ಹಳಗನ್ನಡ ಶಾಸನಗಳನ್ನು ಓದಿದವರ ತಾಳ್ಮೆಯೇ ಇಲ್ಲಿಯೂ ಬೇಕು. ವಾರಸುದಾರರಿಗೆಂದು ಕಾದಿರಿಸಿದ ಆ ಗುಂಡಿಗಳಿಗೆ 1739ರ ನಂತರ ವಾರಸುದಾರರು ಬರಲಿಲ್ಲ. ಫಿರಂಗಿ ಕುಟುಂಬಗಳು ಗೋವೆಗೆ ಹೊರಟುಹೋದುವು.

ಆದರೆ ಕೋಟೆಯ ಹೊರಗಿನ ಹಳ್ಳಿಗಳಲ್ಲಿ, ಎಂದರೆ ರಮೇದಿ, ಪಾಪಡಿ, ಸಾಂಡೋರ, ನಿರ್ಮಳ, ನಂದಾಖಾಲಗಳಲ್ಲಿ, ಸಭೆಯು ಅಳಿಯಲಿಲ್ಲ. ಯುರೋಪಿನ ಪಾದ್ರಿಗಳು ಹೋದಮೇಲೆ ಇಗರ್ಜಿಗಳು ದೇಶೀಯ ಪಾದ್ರಿಗಳ ಕೈಗೆ ಬಂದುವು. 1760ರಲ್ಲಿ, ಮರಾಠರ ಆಳಿಕೆಯಲ್ಲಿ, ಸಾಷ್ಟಿಯಲ್ಲಿ ಸಂಚರಿಸಿದ ಫ್ರೆಂಚ್ ವಿದ್ವಾಂಸ ಆಂಕೆತಿಲ್ ದ್ಯು ಪೆರೋನನು ಇಲ್ಲಿಯ ಕ್ರೈಸ್ತರು ತಮ್ಮ ಹಬ್ಬಗಳನ್ನು ಬಹಿರಂಗವಾಗಿ ನಡೆಸುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಆಳಿದವರ ಇಗರ್ಜಿ ಹಾಳಾಯಿತು, ಉತ್ತವರ ಇಗರ್ಜಿ ಉಳಿಯಿತು. ಬಾಳೆಯ ತೋಟಗಳ ನಡುವೆ ಆ ಹಳ್ಳಿಗಳನ್ನು ಸುತ್ತಿದ ದಿನ ನಿರ್ಮಳದಲ್ಲಿ ಒಂದು ಕಡೆ ಶಂಕರಾಚಾರ್ಯರ ಹೆಸರಿನ ದೇವಾಲಯವನ್ನೂ ಪುರಾತನ ತೀರ್ಥದ ಕೆರೆಯನ್ನೂ, ಇನ್ನೊಂದು ಕಡೆ ಪವಿತ್ರ ಶಿಲುಬೆಯ ಇಗರ್ಜಿಯನ್ನೂ ನೋಡಿದೆವು. ಕೆಂಪು ಸೀರೆಯನ್ನು ಕಚ್ಚೆಹಾಕಿ ಉಟ್ಟ ಕುಪಾರಿ ಮುದುಕಿಯೊಬ್ಬಳು ಮಿತ್ರರನ್ನು ತನ್ನ ಭಾಷೆಯಲ್ಲಿ 'ಯಾವ ಊರಪ್ಪಾ' ಎಂಬರ್ಥ ಬರುವಂತೆ ಕೇಳಿದಳು. ಅದು ಅಚ್ಚ ಮರಾಠಿಯಲ್ಲ, ಸಾಮವೇದಿ ಎಂದು ಹೆಸರಾದ ಅಲ್ಲಿಯದೇ ನುಡಿ. ಇವರು ಕೊಂಕಣಿಯಲ್ಲಿ ಉತ್ತರಿಸಿದರು. ಇಬ್ಬರಿಗೂ ಅರ್ಧರ್ಧ ಅರ್ಥವಾಯಿತು, ಅರ್ಧಗಂಟೆ ಮಾತನಾಡಿದರು.

ಈ ಹಳ್ಳಿಗರ ಪ್ರಾರ್ಥನೆಯ ಭಾಷೆ ಮರಾಠಿ. 2020ರಲ್ಲಿ ಉಸ್ಮಾನಾಬಾದಿನಲ್ಲಿ ನಡೆದ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ, 2024ರಲ್ಲಿ ತೀರಿಕೊಂಡ ಫಾದರ್ ಫ್ರಾನ್ಸಿಸ್ ದಿಬ್ರಿಟೋ ಅವರು ನಂದಾಖಾಲದವರು. ಒಬ್ಬ ಪಾದ್ರಿಯನ್ನು ಮರಾಠಿಗರು ತಮ್ಮ ಸಮ್ಮೇಳನದ ಪೀಠದಲ್ಲಿ ಕೂರಿಸಿದ್ದರ ಹಿಂದೆ ಈ ಹಳ್ಳಿಗಳ ಭಾಷಾನಿಷ್ಠೆಯಿದೆ. ಭಾಷೆಯ ಮಾತು ಬಂದುದರಿಂದ ಒಂದು ಚಿಕ್ಕ ವಿಷಯ: ನಮ್ಮ ಇಗರ್ಜಿ, ಪಾದ್ರಿ, ಮೇಜು, ಚಾವಿಗಳು ಪೋರ್ಚುಗೀಸಿನಿಂದ ಬಂದುವೆಂಬುದನ್ನು ಎಲ್ಲರೂ ಬಲ್ಲರು. ನಾನು ಬ್ಯಾಂಕಿನಲ್ಲಿ ಒತ್ತೆಯಿಟ್ಟ ಒಡವೆಗಳ ಬಗೆಗೆ ಬರೆಯುವ 'ಲಿಲಾವು' ನೋಟೀಸಿನ ಲಿಲಾವೂ, ತಿಂಗಳ ಕೊನೆಗೆ ನಾವು ಕಾದುಕೂರುವ 'ಪಗಾರ'ವೂ ಅಲ್ಲಿಂದಲೇ ಬಂದುವು.

ಕಳೆದ ಬೇಸಗೆಯಲ್ಲಿ ಮಿತ್ರರು ನನ್ನನ್ನು ಕಲ್ಯಾಣಪುರಕ್ಕೆ ಕರೆದೊಯ್ದರು. ಹೊರನೋಟಕ್ಕೆ ಕೆನರಾದ ಇಗರ್ಜಿಗೂ ಸಾಷ್ಟಿಯ ಇಗರ್ಜಿಗೂ ಹೋಲಿಕೆಯುಂಟು. ಹೊಸ ಪೈರಿನ ಹಬ್ಬವೂ ಎರಡು ಕಡೆಯಲ್ಲಿದೆ. ಅಲ್ಲಿ ಸೆಪ್ಟೆಂಬರ 8ರ ಮೊಂತಿಹಬ್ಬ, ಇಲ್ಲಿ ಅಕ್ಟೋಬರದ ಆಗೇರ. ಆದರೆ ಎರಡರ ಹುಟ್ಟು ಬೇರೆ. ಸಾಷ್ಟಿಯಲ್ಲಿ ಜನರು ಮೊದಲೇ ಅಲ್ಲಿದ್ದರು, ಇಗರ್ಜಿಯು ಅವರಲ್ಲಿಗೆ ಬಂತು, ಅದೂ ಆಳುವವನ ಹಿಂದೆ. ಕೆನರಾದಲ್ಲಿ ಬಹುಮಟ್ಟಿಗೆ ಗೋವೆಯಿಂದ ವಲಸೆ ಬಂದ ಬೇಸಾಯಗಾರರೂ ಕುಶಲಿಗರೂ ಇಗರ್ಜಿಯನ್ನು ತಮ್ಮೊಡನೆ ತಂದರು; ತಂದು, ಕಟ್ಟಲು ಪರಕೀಯನಾದ ಅರಸನ ಅಪ್ಪಣೆಯನ್ನು ಬೇಡಿದರು. ಶಿವಪ್ಪನಾಯಕನು 1652-54ರ ಸುಮಾರಿಗೆ ಪೋರ್ಚುಗೀಸರನ್ನು ಕರಾವಳಿಯ ಕೋಟೆಗಳಿಂದ ಓಡಿಸಿದ ಮೇಲೆ ಗೋವೆಗೆ ಅಕ್ಕಿಯ ಕಷ್ಟವಾಯಿತು. ಕೆನರಾದ ಅಕ್ಕಿಯಿಲ್ಲದೆ ಗೋವೆಯು ಉಣ್ಣುವಂತಿರಲಿಲ್ಲ. ಕೆಳದಿಯೊಡನೆ ಅವರು ಮತ್ತೆ ಮತ್ತೆ ಒಪ್ಪಂದಕ್ಕೆ ಬಂದದ್ದು ಇದರಿಂದಲೇ. ಚೆನ್ನಮ್ಮಾಜಿಯ ಕಾಲದ 1678ರ ಒಪ್ಪಂದದಲ್ಲಿ ಇಗರ್ಜಿಗಳನ್ನು ಕಟ್ಟಲು ಅನುಮತಿ ದೊರೆತ ಊರುಗಳಲ್ಲಿ ಕಲ್ಯಾಣಪುರವೂ ಒಂದು. ಅಲ್ಲಿಯ ಮಿಲಾಗ್ರಿಸ್ ಇಗರ್ಜಿಯ ಆರಂಭವು ಆ ವರ್ಷದ್ದು. ವೀರಶೈವ ರಾಣಿಯ ರಾಜ್ಯದಲ್ಲಿ, ಅಕ್ಕಿಯ ವ್ಯಾಪಾರದ ದೆಸೆಯಿಂದ ಎದ್ದ ಇಗರ್ಜಿಯಿದು. ನಮ್ಮ ಕಛೇರಿಯ ಭಾಷೆಯಲ್ಲಿ ಹೇಳುವುದಾದರೆ, ಸಾಷ್ಟಿಯದು ಸ್ವಾಮ್ಯದ ಪತ್ರ, ಕೆನರಾದ್ದು ಗೇಣಿಯ ಚೀಟಿ.

ಆ ಚೀಟಿಯೂ ಶಾಶ್ವತವಾಗಿರಲಿಲ್ಲ. 1784ರಲ್ಲಿ ಟೀಪೂ ಸುಲ್ತಾನನು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ ಕರಾವಳಿಯ ಇಗರ್ಜಿಗಳು ನೆಲಸಮವಾದುವು. 1799ರ ನಂತರ ಬದುಕುಳಿದವರು ಹಿಂದಿರುಗಿ ಮತ್ತೆ ಕಟ್ಟಿಕೊಂಡರು. ಕಲ್ಯಾಣಪುರದಲ್ಲಿ ಇಂದು ಕಾಣುವ ಭವ್ಯವಾದ ಕಟ್ಟಡವು 1940ರದು. ಸ್ಥಾಪನೆ 1678, ಗೋಡೆ 1940: ಮೇಲೆ ಹೇಳಿದ ಪಾಠಕ್ಕೆ ಇದೂ ಒಂದು ಉದಾಹರಣೆಯೆಂದು ನಾನು ಆವರಣದಲ್ಲಿ ನಿಂತು ಹೇಳುತ್ತಿದ್ದಾಗ ಮಿತ್ರರು ಮಾತನಾಡಲಿಲ್ಲ.

ಆ ರಾತ್ರಿ ಅವರ ಮನೆಯಲ್ಲಿ, ದೇವರ ಅಲ್ತಾರಿನ ಕೆಳಗಿನ ಪೆಟ್ಟಿಗೆಯಿಂದ ಅವರ ದೊಡ್ಡಪ್ಪನವರು ಒಂದು ವಹಿಯನ್ನು ತೆಗೆದು ತೋರಿಸಿದರು. ಮನೆತನದ ವಂಶಾವಳಿ, ಕನ್ನಡ ಅಕ್ಷರದಲ್ಲಿ. ಮೊದಲ ಹೆಸರಿನ ಎದುರಿಗೆ 'ಪಟ್ಟಣದಿಂದ ತಿರುಗಿ ಬಂದವರು' ಎಂದಷ್ಟೇ ಇದೆ. ಪಟ್ಟಣವೆಂದರೆ ಶ್ರೀರಂಗಪಟ್ಟಣ. ಅದಕ್ಕೆ ಹಿಂದಿನದು ಏನೂ ಇಲ್ಲ. ತಂದೆಯ ಹೆಸರಿಲ್ಲ, ಗೋವೆಯ ಊರಿನ ಹೆಸರಿಲ್ಲ. "ನೋಡಿದಿರಲ್ಲ, ನಮ್ಮದು ಇಲ್ಲಿಂದ ಶುರು. ಇದಕ್ಕಿಂತ ಹಿಂದೆ ನಮ್ಮೂರಲ್ಲಿ ಒಬ್ಬ ಬಿಷಪರು ಇದ್ದರು ಅಂತ ಚಿಕ್ಕಂದಿನಲ್ಲಿ ಹೇಳುತ್ತಿದ್ದರು. ಅದನ್ನೂ ನೀವು ತೆಗೆದುಕೊಂಡು ಹೋದಿರಿ" ಎಂದು ಮಿತ್ರರು ನಗುತ್ತ ಹೇಳಿದರು. ನಾನು ನಗಲಾರದೆ ಹೋದೆ. ಬಂದರುಗಳ ಅನುಕ್ರಮವು ನನ್ನ ಪಕ್ಷದಲ್ಲಿದೆಯೆಂಬ ನಿರ್ಣಯವನ್ನು ನಾನು ಬದಲಿಸಿಲ್ಲ. ಆದರೆ ದಾಖಲೆಗಳನ್ನು ಕಳೆದುಕೊಂಡ ಜನರು ಬಹು ಹಿಂದಿನ ಒಂದು ಹೆಸರನ್ನು ಹಿಡಿದುಕೊಳ್ಳುವುದನ್ನು ಬರಿಯ ಊರಭಿಮಾನವೆಂದು ಎಣಿಸಿದ್ದು ನನ್ನ ಅವಿವೇಕವಾಗಿತ್ತು.

ಇನ್ನೊಂದು ಸಂಗತಿಯನ್ನು ಮರಳುವ ರೈಲಿನಲ್ಲಿ ಅವರೇ ಎತ್ತಿದರು. 1988ರಲ್ಲಿ ಸಿರೋ-ಮಲಬಾರ್ ಸಭೆಯು ಮಹಾರಾಷ್ಟ್ರದಲ್ಲಿ ನೆಲಸಿದ ಮಲೆಯಾಳಿ ವಲಸೆಗಾರರಿಗಾಗಿ ಒಂದು ಧರ್ಮಪ್ರಾಂತವನ್ನು ಸ್ಥಾಪಿಸಿ, ಅದಕ್ಕೆ ಕಲ್ಯಾಣದ ಹೆಸರನ್ನಿಟ್ಟಿತು. 2012ರಲ್ಲಿ ಉಡುಪಿಯ ಧರ್ಮಪ್ರಾಂತವು ಹೊಸದಾಗಿ ರಚಿತವಾದಾಗ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯು ಬಿಷಪರ ಪ್ರಧಾನಾಲಯವಾಯಿತು. ಹೀಗೆ ಕಾಸ್ಮಾಸನಾದ ಸುಮಾರು ಹದಿನಾಲ್ಕೂವರೆ ಶತಮಾನಗಳಿಗೆ, ಇಪ್ಪತ್ತನಾಲ್ಕು ವರ್ಷಗಳ ಅಂತರದಲ್ಲಿ, ಎರಡು ಕಲ್ಯಾಣಗಳಿಗೂ ಬಿಷಪರು ದೊರೆತರು. ಎರಡು ಕಡೆಯೂ ಕಾರಣರಾದವರು ವಲಸೆ ಬಂದವರು. ಒಂದೆಡೆ ಮೊನ್ನೆ ಬಂದವರು, ಇನ್ನೊಂದೆಡೆ ಮುನ್ನೂರು ನಾನೂರು ವರ್ಷಗಳ ಹಿಂದೆ ಬಂದವರು.

ಈ ಲೇಖನದ ಕರಡನ್ನು ಮಿತ್ರರಿಗೆ ಓದಲು ಕೊಟ್ಟೆ. ಕಾಸ್ಮಾಸನ ಭಾಗದ ಪಕ್ಕದಲ್ಲಿ ಪೆನ್ಸಿಲಿನಿಂದ ಗೆರೆಯೆಳೆದು, ಏನನ್ನೂ ತಿದ್ದದೆ ಹಿಂದಿರುಗಿಸಿದರು. ಮುಂದಿನ ನಾಲ್ಕನೆಯ ಶನಿವಾರ ಕಾಶಿಮೀರಾದ ಸಂತ ಜೆರೋಮನ ಚಿಕ್ಕ ಇಗರ್ಜಿಗೆ ಹೋಗುವುದೆಂದು ಗೊತ್ತಾಗಿದೆ. ಬೆಳಗಿನ ಏಳು ಗಂಟೆಗೆ ಠಾಣೆಯಲ್ಲಿ ಸೇರಬೇಕೆಂದೂ, ಈ ಸಲ ಅಳತೆಯ ಪಟ್ಟಿಯನ್ನು ಮರೆಯಬಾರದೆಂದೂ ಕರಡಿನ ಕೊನೆಯ ಪುಟದಲ್ಲಿ ಬರೆದಿದ್ದಾರೆ.